ವಂಶದ ರೋಗವೆಂದು ಕೈಚೆಲ್ಲಬೇಕೆ?

ಜೋಗದ ನೀರಿನಿಂದ ನಾಡಿಗೆ ಬೆಳಕನ್ನಿತ್ತ ಸಾಗರ ತಾಲ್ಲೂಕಿನಲ್ಲಿಯೇ, ಪಟ್ಟಣಕ್ಕೆ ಸಮೀಪದ ಹಂದಿಗೋಡಿನ ಹೆಸರು ಒಂದು ಕಾಯಿಲೆಯ ಹೆಸರಾಗಿ ಅರ್ಧ ಶತಮಾನವು ಸಂದಿತು. 1974-75ರ ಸುಮಾರಿಗೆ ಅಲ್ಲಿಯ ದಲಿತ ಕುಟುಂಬಗಳಲ್ಲಿ ಸೊಂಟ ಮೊಣಕಾಲುಗಳ ಕೀಲು ಸವೆದು, ದುಡಿಯುವ ಪ್ರಾಯದವರೇ ಕೋಲೂರಿ ನಡೆಯುವಂತಾದುದು ಗೋಚರಕ್ಕೆ ಬಂದಿತು. ಗದ್ದೆಗೆ ಹೊಡೆದ ಕೀಟನಾಶಕದ ವಿಷವೇರಿದ ಏಡಿಗಳನ್ನು ತಿಂದುದೇ ಕಾರಣವಿರಬೇಕೆಂದು ಮೊದಲು ಶಂಕಿಸಿದರು. ಬಡವನ ರೋಗಕ್ಕೆ ಬಡವನ ಊಟವನ್ನೇ ದೂರುವುದು ಎಷ್ಟು ಸುಲಭ! ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯವರ ಮುಂದಿನ ಶೋಧನೆಗಳಿಂದ ಇದು ವಂಶದಲ್ಲಿ ಇಳಿದುಬರುವ ಅಸ್ಥಿರೋಗವೆಂದೂ, ತಾಯಿತಂದೆಗಳಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವವು ಅರ್ಧಕ್ಕರ್ಧವೆಂದೂ ತಿಳಿಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಗ್ರಾಮಗಳಲ್ಲಿಯೂ ಇದು ಕಂಡುಬಂದಿದೆ.

ವಂಶದ ರೋಗವೆಂಬ ಮಾತು ಕಿವಿಗೆ ಬಿದ್ದೊಡನೆ ಜನರೂ ಅಧಿಕಾರಿಗಳೂ ಕೈಚೆಲ್ಲುವುದುಂಟು. ಹಣೆಯ ಬರಹವೆಂದರೆ ಖರ್ಚಿಲ್ಲವಷ್ಟೆ. ಆದರೆ ವಾಚಕರು ಮತ್ತೊಂದು ವಂಶರೋಗದ ಸಂಗತಿಯನ್ನು ನೋಡಬೇಕು. ಸಿ-1 ನಿರೋಧಕವೆಂಬ ರಕ್ತದ ಪ್ರೋಟೀನಿನ ಕೊರತೆಯಿಂದ ಮುಖ, ಕೈಕಾಲು, ಕರುಳು, ಕೆಲವೊಮ್ಮೆ ಗಂಟಲೂ ಬಾತು ಉಸಿರು ಕಟ್ಟಿಸುವ ರೋಗವೊಂದುಂಟು. ಅಲರ್ಜಿಯ ಮದ್ದು ಇದಕ್ಕೆ ನಾಟದು. ಬಾವು ಬಂದ ಮೇಲೆ ಆಸ್ಪತ್ರೆಗೆ ಓಡುವುದರ ಬದಲು, ಬಾರದಂತೆಯೇ ತಡೆಯುವ ಮದ್ದುಗಳು ಈಗ ಇವೆ. ಡಾನಜೋಲ್ ಮಾತ್ರೆ ಹಳೆಯದು. ಚರ್ಮದಡಿ ಚುಚ್ಚುವ ಲಾನಡೆಲುಮಾಬ್ ಅಮೆರಿಕೆಯಲ್ಲಿ 2018ರಲ್ಲಿ ಅಂಗೀಕೃತವಾಯಿತು. ವಂಶದ ದೋಷವು ಅಳಿಯಲಿಲ್ಲ, ಆದರೂ ರೋಗಿಯು ಎಲ್ಲರಂತೆ ಕೆಲಸಕ್ಕೆ ಹೋಗಬಲ್ಲನು.

ಹಂದಿಗೋಡಿನ ಕಾಯಿಲೆಗೆ ಅಂತಹ ಮದ್ದು ಬಂದಿಲ್ಲ, ನಿಜ. ಆದರೆ ಮದ್ದಿಲ್ಲದೆಯೂ ಮಾಡತಕ್ಕ ಮುಂಜಾಗ್ರತೆಯು ಬೇಕಾದಷ್ಟಿದೆ. ರೋಗವಿರುವ ಮನೆಯ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಬೇಕು. ಕೀಲು ಬಿಗಿಯುವುದಕ್ಕೆ ಮುನ್ನವೇ ತಕ್ಕ ವ್ಯಾಯಾಮವನ್ನು ಕಲಿಸಬೇಕು. ಭಾರ ಹೊರುವ ಕೂಲಿಯ ಬದಲು ಕುಳಿತು ಮಾಡುವ ಕಸುಬನ್ನು ಒದಗಿಸಬೇಕು. ಸೊಂಟದ ಕೀಲು ಸವೆದವರಿಗೆ ಹೊತ್ತು ಮೀರುವ ಮೊದಲು ಕೃತಕ ಕೀಲನ್ನು ಜೋಡಿಸಬೇಕು. ಇವುಗಳಿಗೆ ಎಂದೋ ಒಮ್ಮೆ ಬಂದು ರಕ್ತ ತೆಗೆದುಕೊಂಡು ಹೋಗುವ ತಜ್ಞಮಂಡಲಿ ಸಾಲದು. ಸಾಗರದ ಸರಕಾರಿ ಆಸ್ಪತ್ರೆಯಲ್ಲಿ ಈ ರೋಗಿಗಳಿಗೆಂದೇ ವಾರಕ್ಕೊಂದು ನಿಶ್ಚಿತ ದಿನ, ಮೂಳೆ ವೈದ್ಯರೊಬ್ಬರು, ವ್ಯಾಯಾಮ ಕಲಿಸುವವರೊಬ್ಬರು, ಮನೆಮನೆಯ ವಿವರ ಬರೆದಿಟ್ಟ ಪುಸ್ತಕವೊಂದು, ಇಷ್ಟು ಬೇಕೆಂದು ಸರಕಾರದವರನ್ನು ಕೇಳುತ್ತೇವೆ. ಹೆಜ್ಜೆಯಿಡಲಾರದವನು ಆಸ್ಪತ್ರೆಗೆ ನಡೆದೇ ಬರಬೇಕೆಂಬುದು ಏರ್ಪಾಡಲ್ಲ. ಆ ದಿನ ಹಳ್ಳಿಹಳ್ಳಿಯಿಂದ ಅವರನ್ನು ಕರೆತರಲು ಗಾಡಿಯನ್ನೂ ಗೊತ್ತುಮಾಡಬೇಕು.