ಹಿಮದ ಹಾದಿಯಲ್ಲಿ ಹದಿನೆಂಟು ಗಾಲಿ

ಹಿಮವೆಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಗೋಡೆಯ ಮೇಲಿನ ಕ್ಯಾಲೆಂಡರಿನ ಕೈಲಾಸ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಲಾರಿ ನಡೆಸುವವನಿಗಾದರೋ ಅದು ಚಳಿಗಾಲದುದ್ದಕ್ಕೂ ತಪ್ಪದ ಪರೀಕ್ಷೆ. ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹೊರಟ 70ನೆಯ ಅಂತರರಾಜ್ಯ ಹೆದ್ದಾರಿ ರಾಕಿ ಪರ್ವತಗಳನ್ನೇರಿ, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗದ ಬಳಿ 11,000 ಅಡಿಗೂ ಮಿಕ್ಕ ಎತ್ತರವನ್ನು ಮುಟ್ಟುತ್ತದೆ.

ಈ ದಾರಿಯಲ್ಲಿ ಸರಕು ಸಾಗಿಸುವ ದೊಡ್ಡ ವಾಹನಕ್ಕೆ ಟ್ರಾಕ್ಟರ್-ಟ್ರೇಲರ್ ಎಂದು ಹೆಸರು. ಹೊಲ ಉಳುವ ಟ್ರಾಕ್ಟರನ್ನು ವಾಚಕರು ಇಲ್ಲಿ ನೆನೆಯಬಾರದು. ಎಂಜಿನ್ನೂ ಚಾಲಕನ ಕೋಣೆಯೂ ಇರುವ ಮುಂಭಾಗವೇ ಟ್ರಾಕ್ಟರು. ಅದಕ್ಕೆ ಒಂದೇ ಒಂದು ಕೀಲಿನಿಂದ ಕೂಡಿಕೊಂಡಿರುವ, ಸಾಮಾನ್ಯವಾಗಿ 53 ಅಡಿ ಉದ್ದದ ಪೆಟ್ಟಿಗೆಯೇ ಟ್ರೇಲರು. ಗಾಲಿಗಳು ಹದಿನೆಂಟು, ಸರಕು ತುಂಬಿದಾಗ ತೂಕ 36 ಟನ್ನಿನವರೆಗೆ.

ವಿಪತ್ತೆಲ್ಲ ಆ ಕೀಲಿನಲ್ಲಿದೆ. ಹೆಪ್ಪುಗಟ್ಟಿದ ದಾರಿಯಲ್ಲಿ ಗಾಬರಿಯಿಂದ ಬ್ರೇಕು ಒತ್ತಿದರೆ ಟ್ರಾಕ್ಟರಿನ ಹಿಂಗಾಲಿಗಳು ಉರುಳುವುದನ್ನು ಬಿಟ್ಟು ಜಾರತೊಡಗಬಹುದು. ಆಗ ಹಿಂದಿನ ಪೆಟ್ಟಿಗೆ ಮುನ್ನುಗ್ಗಿ ಟ್ರಾಕ್ಟರನ್ನು ಪಕ್ಕಕ್ಕೆ ತಳ್ಳುತ್ತದೆ. ಇಡೀ ವಾಹನ ಜೇಬಿನ ಚಾಕುವಿನಂತೆ ಮಡಚಿಕೊಂಡು ದಾರಿಗೆ ಅಡ್ಡಲಾಗುತ್ತದೆ. ಗಾಲಿ ಹೀಗೆ ಬಿಗಿದುಕೊಳ್ಳದಂತೆ ತಡೆಯುವ ಸಾಧನವನ್ನು 1997ರಿಂದ ಹೊಸ ಟ್ರಾಕ್ಟರುಗಳಿಗೂ 1998ರಿಂದ ಹೊಸ ಟ್ರೇಲರುಗಳಿಗೂ ಕಡ್ಡಾಯ ಮಾಡಿದರು. ಅಪಾಯ ಇಳಿಯಿತು, ಅಳಿಯಲಿಲ್ಲ. ಸರಕಿಲ್ಲದ ಬರಿಯ ಟ್ರೇಲರೇ ಹೆಚ್ಚು ಸುಲಭವಾಗಿ ಜಾರುತ್ತದೆಂಬುದು ಹೊಸಬರಿಗೆ ಅಚ್ಚರಿ; ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುವ ಭಾರವೇ ಅಲ್ಲಿಲ್ಲವಷ್ಟೆ!

ಇಲ್ಲೊಂದು ಹಳೆಯ ಕಥೆ ನೆನಪಿಗೆ ಬರುತ್ತದೆ. 1931ರಲ್ಲಿ ಡೀಸೆಲ್ ಎಂಜಿನ್ ತಜ್ಞ ಕ್ಲೆಸಿ ಕಮಿನ್ಸ್ ಕ್ಯಾಲಿಫೋರ್ನಿಯದ ಕಹೋನ್ ಘಟ್ಟವನ್ನು ಲಾರಿಯಲ್ಲಿ ಇಳಿಯುತ್ತಿದ್ದಾಗ ಬ್ರೇಕುಗಳು ಕೈಕೊಟ್ಟವು. ಕೆಳಗೆ ರಸ್ತೆಗೆ ಅಡ್ಡಲಾಗಿ ಗೂಡ್ಸ್ ರೈಲು ಹಾಯುತ್ತಿತ್ತು. ಕೂದಲೆಳೆಯಲ್ಲಿ ಪಾರಾದ ಆತ ಅದನ್ನು ಮರೆಯಲಿಲ್ಲ. ಎಂಜಿನ್ನಿನ ಬಲದಿಂದಲೇ ವೇಗವನ್ನು ತಡೆಯುವ ಬ್ರೇಕನ್ನು ರೂಪಿಸಿದ. 1961ರಲ್ಲಿ ಅದು ಮಾರುಕಟ್ಟೆಗೆ ಬಂದು, ಇಳಿಜಾರಿನಲ್ಲಿ ಎಷ್ಟೋ ಪ್ರಾಣಗಳನ್ನು ಕಾಯಿತು. ಹಿಮದಲ್ಲಿ ಮಾತ್ರ ಆ ಮಿತ್ರನೇ ಶತ್ರು. ಅದರ ತಡೆ ಬೀಳುವುದು ಎಂಜಿನ್ನು ತಿರುಗಿಸುವ ಗಾಲಿಗಳ ಮೇಲಷ್ಟೆ. ಅವು ಜಾರಿದರೆ ಚಾಕು ಮಡಚಿತೆಂದೇ ಅರ್ಥ. ಆದುದರಿಂದ ಪಳಗಿದ ಚಾಲಕ ದಾರಿ ಜಾರುವ ಸುಳಿವು ಕಂಡೊಡನೆ ಅದನ್ನು ಆರಿಸಿಬಿಡುತ್ತಾನೆ. ಇಳಿಜಾರು ತೊಡಗುವ ಮುನ್ನವೇ ವೇಗ ತಗ್ಗಿಸಿ ಕೆಳಗಿನ ಗೇರಿಗೆ ಬರುತ್ತಾನೆ.

ಸುಳಿವು ಕಾಣುವುದೂ ಒಂದು ವಿದ್ಯೆಯೇ. ಡಾಂಬರಿನ ಕಪ್ಪನ್ನೇ ತೋರುವಷ್ಟು ತೆಳುವಾದ ಮಂಜುಗಡ್ಡೆ ಕೇವಲ ಒದ್ದೆಯಂತೆ ಕಾಣುತ್ತದೆ. ಮುಂದಿನ ವಾಹನಗಳ ಗಾಲಿ ಎರಚುತ್ತಿದ್ದ ನೀರು ಹಠಾತ್ತನೆ ನಿಂತಿತೋ, ದಾರಿ ಹೆಪ್ಪುಗಟ್ಟಿತೆಂದು ತಿಳಿಯಬೇಕು. ಕಿಟಕಿಯಿಂದ ಕೈ ಚಾಚಿ ಕನ್ನಡಿಯ ಮುಂಬದಿಯನ್ನು ಮುಟ್ಟಿ ನೋಡುವುದುಂಟು. ಅಲ್ಲಿ ಮಂಜುಗಡ್ಡೆಯಿದ್ದರೆ ದಾರಿಯಲ್ಲಿಯೂ ಇರಬಹುದು. ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಕೊರೆಯುವ ಚಳಿಯ ಒಣ ಮಂಜುಗಡ್ಡೆಗಿಂತ ಕರಗಲು ತೊಡಗಿದ ಒದ್ದೆ ಮಂಜುಗಡ್ಡೆ ಹೆಚ್ಚು ಜಾರುವುದರಿಂದ ಎಳೆಬಿಸಿಲನ್ನು ನಂಬುವಂತಿಲ್ಲ.

ಡಾಟ್‌ಸೀರೊದಿಂದ ಮಾರಿಸನ್‌ವರೆಗಿನ ಸುಮಾರು 200 ಕಿಲೋಮೀಟರು ದಾರಿಯಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಇಂಥ ವಾಹನಗಳು ಗಾಲಿಗೆ ತೊಡಿಸುವ ಸರಪಳಿಗಳನ್ನು ಜೊತೆಗೆ ಒಯ್ಯಲೇಬೇಕೆಂಬುದು ಕೊಲೊರಾಡೊದ ಕಾನೂನು. ಬೀಸುವ ಹಿಮದಲ್ಲಿ ಮೊಣಕಾಲೂರಿ ಅವನ್ನು ಬಿಗಿಯುವುದು ಸುಖದ ಕೆಲಸವೇನಲ್ಲ.

ಎಲ್ಲಕ್ಕೂ ಕಠಿಣವಾದುದು ನಿಲ್ಲುವ ನಿರ್ಧಾರ. ದೂರದ ಸಾಗಣೆಯ ಅನೇಕ ಚಾಲಕರಿಗೆ ಸಂಬಳ ಮೈಲಿಯ ಲೆಕ್ಕದಲ್ಲಿ. ಗಾಲಿ ನಿಂತರೆ ಗಳಿಕೆಯೂ ನಿಂತಿತು. ಅತ್ತ ಸರಕಿನವರ ಆತುರ, ಇತ್ತ ಮನೆಯ ಖರ್ಚು. ಆದರೂ ಅಪಾಯ ಮಿತಿಮೀರಿದಾಗ ವಾಹನವನ್ನು ನಿಲ್ಲಿಸಬೇಕೆಂದು ಅಲ್ಲಿನ ಕೇಂದ್ರ ಸರಕಾರದ ನಿಯಮವೇ ವಿಧಿಸಿದೆ. ತೀರ್ಮಾನ ಮಾಡಬೇಕಾದವನು ಚಕ್ರ ಹಿಡಿದವನೇ. ದಾರಿಯ ಅಂಚು ಕಾಣದಷ್ಟು ಹಿಮ ಸುರಿಯುವಾಗ ಅವನು ತಂಗುದಾಣಕ್ಕೆ ತಿರುಗುತ್ತಾನೆ, ಟ್ರಾಕ್ಟರಿನ ಕಿರುಮಂಚದಲ್ಲಿ ರಾತ್ರಿ ಕಳೆಯುತ್ತಾನೆ. ಬೆಳಗಾದ ಮೇಲೆ ದೀಪಗಳ ಮೇಲಿನ ಹಿಮವನ್ನು ಕೆರೆದು, ಸರಪಳಿಗಳನ್ನು ಇನ್ನೊಮ್ಮೆ ಎಳೆದು ನೋಡಿ, ಹೆದ್ದಾರಿಯತ್ತ ಕಣ್ಣು ಹಾಯಿಸುತ್ತಾನೆ.