ಬಾಂಡನಿಗೆ ಪೂರ್ವಚರಿತ್ರೆ ಬೇಡ

ಜೇಮ್ಸ್ ಬಾಂಡನ ವೇಷವನ್ನು ಏಳನೆಯವನಾಗಿ ಧರಿಸತಕ್ಕವನು ಯಾರೆಂಬ ವಿಷಯದಲ್ಲಿ ಇಂಗ್ಲೆಂಡಿನ ಪತ್ರಿಕೆಗಳೂ ಬಾಜಿ ಕಟ್ಟುವ ಅಂಗಡಿಗಳೂ ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಗದ್ದಲವನ್ನು ನೋಡಿದರೆ, ಆ ದೇಶಕ್ಕೆ ಪ್ರಧಾನಮಂತ್ರಿಯ ಆಯ್ಕೆಗಿಂತಲೂ ಇದೇ ಗುರುತರವಾದ ಕಾರ್ಯವೋ ಏನೋ ಎಂಬ ಸಂಶಯ ಹುಟ್ಟುತ್ತದೆ. ಒಂದು ಪಕ್ಷದವರಿಗೆ ನಾಯಕನ ಮೈಬಣ್ಣ ಬದಲಾಗಕೂಡದು; ಇನ್ನೊಂದು ಪಕ್ಷದವರಿಗೆ ಅದು ಬದಲಾಗದಿದ್ದಲ್ಲಿ ಈ ಮಾಲಿಕೆಯೇ ಮುಂದುವರಿಯಕೂಡದು; ಮೂರನೆಯವರಿಗೆ ಆ ಪಾತ್ರವು ಒಬ್ಬ ಸ್ತ್ರೀಗೆ ಸಲ್ಲಬೇಕು. ಆದರೆ ಆ ನಟನ ಕೈಗೆ ಎಂಥ ಪಾತ್ರವನ್ನು ಒಪ್ಪಿಸಲಾಗುವುದೆಂಬ ಪ್ರಶ್ನೆಯನ್ನು ಈ ಮೂವರಲ್ಲಿ ಯಾರೂ ಕೇಳಿದಂತೆ ಕಾಣುವುದಿಲ್ಲ. ಬಾಲ್ಯ, ಗಾಯ, ಶೋಕ, ಮರಣಗಳನ್ನೆಲ್ಲ ಲೆಕ್ಕವಿಟ್ಟು ಹೊತ್ತು ತಿರುಗುವ ಒಬ್ಬ ವ್ಯಕ್ತಿಯನ್ನೋ, ಪ್ರತಿಯೊಂದು ಚಿತ್ರದಲ್ಲಿಯೂ ಹಿಂದಿನ ಭಾರವನ್ನು ಇಳಿಸಿ ಹೊಸತಾಗಿ ಪ್ರವೇಶಿಸುವ ಒಂದು ವೇಷವನ್ನೋ? ಮಾಲಿಕೆಯ ಭವಿಷ್ಯವು ನಿಂತಿರುವುದು ಈ ಆಯ್ಕೆಯ ಮೇಲೆ. ಎರಡನೆಯದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ವಾದ.

ನಟನ ವಿಷಯವಾಗಿ ಎದ್ದ ಕೋಲಾಹಲಗಳು ಇದುವರೆಗೆ ಒಮ್ಮೆಯೂ ನಿಜವಾಗಿಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1962ರ ‘ಡಾ. ನೋ’ ಚಿತ್ರಕ್ಕೆ ಷಾನ್ ಕಾನರಿಯವರು ಆಯ್ಕೆಯಾದಾಗ ಅಸಮಾಧಾನಪಟ್ಟವರು ಬಾಂಡನ ಜನಕರಾದ ಇಯಾನ್ ಫ್ಲೆಮಿಂಗರೇ. ಎಡಿನ್‌ಬರೋದ ಶ್ರಮಿಕ ಕುಟುಂಬದಿಂದ ಬಂದ ಆ ದೃಢಕಾಯನು ತಮ್ಮ ಕಲ್ಪನೆಯ ನೌಕಾಧಿಕಾರಿಗೆ ಒಪ್ಪುವನಲ್ಲವೆಂದು ಶಂಕಿಸಿದ್ದ ಅವರು, ತೆರೆಯ ಮೇಲೆ ಕಾನರಿಯವರನ್ನು ಕಂಡ ಬಳಿಕ ಮನಸ್ಸು ಬದಲಿಸಿ, ತಮ್ಮ ಕೊನೆಗಾಲದ ಕಾದಂಬರಿಯೊಂದರಲ್ಲಿ ಬಾಂಡನ ತಂದೆಯನ್ನು ಸ್ಕಾಟ್ಲೆಂಡಿನವನನ್ನಾಗಿ ಮಾಡಿದರು. 2005ರಲ್ಲಿ ಡೇನಿಯಲ್ ಕ್ರೇಗರ ಹೆಸರು ಪ್ರಕಟವಾದಾಗ, ಹೊಂಬಣ್ಣದ ಕೂದಲಿನವನು ಬಾಂಡನಾಗುವುದೆಂತು ಎಂದು ಬಹಿಷ್ಕಾರಕ್ಕೆ ಕರೆಕೊಟ್ಟವರು, ಮರುವರ್ಷ ‘ಕ್ಯಾಸಿನೊ ರಾಯಲ್’ ಬಂದಮೇಲೆ ಮಾತು ನಿಲ್ಲಿಸಬೇಕಾಯಿತು. ಇಂಗ್ಲಿಷತನದ ಪ್ರತೀಕವೆಂದು ಹೊಗಳಿಸಿಕೊಳ್ಳುವ ಈ ಪಾತ್ರವನ್ನು ವಹಿಸಿದ ಆರು ಮಂದಿಯಲ್ಲಿ ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದವರು ರೋಜರ್ ಮೂರ್ ಮತ್ತು ಕ್ರೇಗ್ ಇಬ್ಬರೇ. ಕಾನರಿಯವರದು ಸ್ಕಾಟ್ಲೆಂಡ್, ಜಾರ್ಜ್ ಲೇಝೆನ್ಬಿಯವರದು ಆಸ್ಟ್ರೇಲಿಯ, ಟಿಮೊಥಿ ಡಾಲ್ಟನ್ನರದು ವೇಲ್ಸ್, ಪಿಯರ್ಸ್ ಬ್ರಾಸ್ನನ್ನರದು ಐರ್ಲೆಂಡ್.

ಇಷ್ಟು ಬಗೆಯ ಮುಖಗಳನ್ನು ಪ್ರೇಕ್ಷಕನು ಒಪ್ಪಿಕೊಂಡದ್ದು ಹೇಗೆ? ನಿನ್ನೆಯ ರಾತ್ರಿ ಗದಾಯುದ್ಧದಲ್ಲಿ ತೊಡೆ ಮುರಿದು ಬಿದ್ದ ಕೌರವನು ಇಂದು ಬೇರೊಂದು ಊರಿನ ರಂಗಸ್ಥಳದಲ್ಲಿ ಬೇರೊಬ್ಬ ಕಲಾವಿದನ ದೇಹದಿಂದ ಒಡ್ಡೋಲಗಕ್ಕೆ ಬಂದಾಗ, ಸತ್ತವನು ಹೇಗೆ ಬಂದನೆಂದು ಯಕ್ಷಗಾನದ ಪ್ರೇಕ್ಷಕನು ಕೇಳುವುದಿಲ್ಲ. ಇವನ ಗತ್ತು ಹೇಗೆ, ಅರ್ಥಗಾರಿಕೆ ಹೇಗೆ ಎಂಬುದಷ್ಟೇ ಅವನ ಜಿಜ್ಞಾಸೆ. ಬಾಂಡನ ನಿರ್ಮಾಪಕರು ನಲವತ್ತು ವರ್ಷಗಳ ಕಾಲ ಅನುಸರಿಸಿದ್ದು ಈ ಮರ್ಯಾದೆಯನ್ನೇ. 1969ರಲ್ಲಿ ಲೇಝೆನ್ಬಿಯವರು ಬಂದಾಗ, ಹಿಂದಿನವನಿಗೆ ಹೀಗಾಗಿರಲಿಲ್ಲವೆಂಬ ಅರ್ಥದ ಒಂದು ವಿನೋದದ ಮಾತಿನ ಹೊರತು ವಿವರಣೆಯೇ ಇರಲಿಲ್ಲ. ಅದೇ ಚಿತ್ರದ ಅಂತ್ಯದಲ್ಲಿ ಕೊಲೆಗೀಡಾದ ಬಾಂಡನ ಪತ್ನಿಯ ಸಮಾಧಿಗೆ 1981ರಲ್ಲಿ ಹೂವಿಟ್ಟವರು ಮೂರ್. ಸಂಸಾರ ಒಬ್ಬನದು, ಶೋಕ ಮತ್ತೊಬ್ಬನದು, ಆದರೂ ಅದು ಯಾರಿಗೂ ಅಸಂಗತವೆನಿಸಲಿಲ್ಲ. ಮುಖ್ಯಸ್ಥೆ ‘ಎಂ’ ಆಗಿ 1995ರಿಂದ ಬ್ರಾಸ್ನನ್ನರನ್ನು ಗದರಿಸುತ್ತಿದ್ದ ಜೂಡಿ ಡೆಂಚರೇ, ಆಗತಾನೆ ಕೊಲ್ಲುವ ಪರವಾನಗಿಯನ್ನು ಪಡೆದ ಕ್ರೇಗರ ಬಾಂಡನಿಗೂ 2006ರಲ್ಲಿ ಮೇಲಧಿಕಾರಿಯಾದರು. ಕಾಲಗಣನೆಗೆ ವಿರುದ್ಧವಾದ ಈ ಸಂಗತಿಯನ್ನು ಪ್ರೇಕ್ಷಕರು ನಿರಾತಂಕವಾಗಿ ಅಂಗೀಕರಿಸಿದರು.

ಈ ಮರ್ಯಾದೆಯನ್ನು ಮುರಿದದ್ದು ಕ್ರೇಗರ ಐದು ಚಿತ್ರಗಳ ಪರಂಪರೆ. ಅವರ ಅಭಿನಯವನ್ನಾಗಲಿ ‘ಕ್ಯಾಸಿನೊ ರಾಯಲ್’ ಚಿತ್ರದ ಸತ್ವವನ್ನಾಗಲಿ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ವಿಲಾಸದ ಯಂತ್ರೋಪಕರಣಗಳಲ್ಲಿ ಹೂತುಹೋಗಿದ್ದ ಮಾಲಿಕೆಗೆ ರಕ್ತಮಾಂಸದ ಮನುಷ್ಯನೊಬ್ಬನು ಆಗ ಬೇಕಾಗಿದ್ದನು. ಆದರೆ ಒಮ್ಮೆ ಕೊಟ್ಟ ಔಷಧವನ್ನೇ ನಿತ್ಯದ ಆಹಾರವನ್ನಾಗಿ ಮಾಡಿದುದು ದೋಷ. ಮೊದಲ ಚಿತ್ರದ ಪ್ರೇಯಸಿಯ ಸಾವು ಎರಡನೆಯದಕ್ಕೆ ಕಾರಣವಾಯಿತು. ಮೂರನೆಯದು ಅವನ ಬಾಲ್ಯದ ಮನೆಯನ್ನು ತೋರಿಸಿತು. 2015ರ ‘ಸ್ಪೆಕ್ಟರ್’ ಆವರೆಗಿನ ಶತ್ರುಗಳೆಲ್ಲರನ್ನೂ ಒಂದೇ ದಾರದಲ್ಲಿ ಪೋಣಿಸಿ, ಲೋಕಕಂಟಕನಾದ ಬ್ಲೋಫೆಲ್ಡನನ್ನು ಬಾಂಡನ ಸಾಕುಸೋದರನ ಸ್ಥಾನಕ್ಕೆ ಇಳಿಸಿತು. ಜಗತ್ತನ್ನೇ ಗೆಲ್ಲಹೊರಟ ಖಳನು ದಾಯಾದಿಯ ಹೊಟ್ಟೆಕಿಚ್ಚಿನಿಂದ ನರಳುವವನಾದ ಮೇಲೆ ಕಥೆಯ ಜಗತ್ತು ಎಷ್ಟು ಕಿರಿದಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಜೀವನಚರಿತ್ರೆ ಉಳ್ಳವನಿಗೆ ಮರಣವೂ ಉಂಟಷ್ಟೆ. 2021ರ ‘ನೋ ಟೈಮ್ ಟು ಡೈ’ ಚಿತ್ರದಲ್ಲಿ ಅವನು ಸತ್ತನು. ಅದೇ ಚಿತ್ರದ ಕೊನೆಯಲ್ಲಿ, ಜೇಮ್ಸ್ ಬಾಂಡನು ಮರಳಿ ಬರುವನೆಂಬ ವಾಡಿಕೆಯ ಪ್ರಕಟಣೆಯೂ ಮೂಡಿತು. ವ್ಯಕ್ತಿಯನ್ನು ಕೊಂದು ವೇಷವನ್ನು ಉಳಿಸಿಕೊಂಡ ನಿರ್ಮಾಪಕರು, ತಮಗರಿವಿಲ್ಲದೆಯೇ ಹಳೆಯ ಮರ್ಯಾದೆಗೆ ಶರಣಾದರೆಂದು ನಾನು ಭಾವಿಸುತ್ತೇನೆ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದುಂಟು. ಮರೆವನ್ನು ಗುಣವೆಂದು ಹೊಗಳುವುದಾದರೆ, ಈ ಮಾಲಿಕೆಯ ಪಾಪಗಳನ್ನೂ ಮರೆಯಬೇಕೇ? ಸ್ತ್ರೀಯರನ್ನು ಭೋಗವಸ್ತುವಾಗಿ ಕಂಡ ದೃಷ್ಟಿ, 1967ರಲ್ಲಿ ಕಾನರಿಯವರಿಗೆ ಬಣ್ಣ ಬಳಿದು ಜಪಾನೀಯನನ್ನಾಗಿ ಮಾಡಿದ ಅವಿವೇಕ, 1983ರ ‘ಆಕ್ಟೋಪಸಿ’ ಚಿತ್ರಕ್ಕಾಗಿ ಉದಯಪುರಕ್ಕೆ ಬಂದು ಹಾವಾಡಿಗರನ್ನೂ ಬೆಂಕಿಯ ಮೇಲೆ ನಡೆಯುವವರನ್ನೂ ಹುಡುಕಿ ತೋರಿಸಿದ ಸಾಮ್ರಾಜ್ಯಶಾಹಿಯ ಕಣ್ಣು, ಇವು ಭಾರತೀಯನಾದ ಪ್ರೇಕ್ಷಕನು ಸುಲಭವಾಗಿ ಕ್ಷಮಿಸತಕ್ಕವುಗಳಲ್ಲ. ಆದರೆ ತಿದ್ದುಪಡಿಯು ಎಲ್ಲಿಂದ ಬಂದಿತೆಂಬುದನ್ನು ಗಮನಿಸಬೇಕು. ಶೀತಲಸಮರ ಮುಗಿದಮೇಲೆ, ಆರು ವರ್ಷಗಳ ವಿರಾಮವನ್ನು ಕಳೆದು ಬಂದ 1995ರ ‘ಗೋಲ್ಡನ್‌ಐ’ ಚಿತ್ರದಲ್ಲಿ, ನೀನು ಕಾಲ ಮೀರಿದ ಪಳೆಯುಳಿಕೆ, ಸ್ತ್ರೀದ್ವೇಷಿ ಎಂದು ಡೆಂಚರ ‘ಎಂ’ ಬಾಂಡನ ಮುಖಕ್ಕೆ ಹೇಳಿದಳು. ಆ ಛೀಮಾರಿಗೆ ಅವನ ಬಾಲ್ಯದ ವೃತ್ತಾಂತವೇನೂ ಬೇಕಾಗಲಿಲ್ಲ. ಹೊಸ ಕಾಲದ ಎದುರಿಗೆ ಹಳೆಯ ವೇಷವನ್ನು ತಂದು ನಿಲ್ಲಿಸಿದುದೇ ಸಾಕಾಯಿತು. ಪೂರ್ವಚರಿತ್ರೆಯಾದರೋ ಅಪರಾಧಿಗೆ ಅನುಕಂಪವನ್ನು ಒದಗಿಸುತ್ತದೆ. ಅನಾಥಬಾಲ್ಯವನ್ನು ತೋರಿಸಿ ಕ್ರೌರ್ಯವನ್ನು ಮನ್ನಿಸುವಂತೆ ಕೇಳುತ್ತದೆ.

ಮೈಬಣ್ಣದ ವಿವಾದಕ್ಕೂ ಇಲ್ಲಿಯೇ ಸಮಾಧಾನವಿದೆ. ಬಾಂಡನು ನಿರ್ದಿಷ್ಟ ವಂಶದಲ್ಲಿ, ನಿರ್ದಿಷ್ಟ ವರ್ಷದಲ್ಲಿ ಹುಟ್ಟಿದ ವ್ಯಕ್ತಿಯೆಂದು ಹಟ ಹಿಡಿಯುವವನಿಗೆ ಮಾತ್ರ ಕಪ್ಪು ಬಣ್ಣದ ಬಾಂಡನು ಸಮಸ್ಯೆ; ಸ್ಕಾಟ್ಲೆಂಡಿನ ಮಾತನ್ನೂ ಐರ್ಲೆಂಡಿನ ಮೂಲವನ್ನೂ ಅರಗಿಸಿಕೊಂಡ ವೇಷಕ್ಕೆ ಅದು ಭಾರವಾಗದು. ಸ್ತ್ರೀಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕ್ರೇಗರ ಕೊನೆಯ ಚಿತ್ರದಲ್ಲಿ ಬಾಂಡನ 007 ಎಂಬ ಸಂಖ್ಯೆಯನ್ನು ಲಷಾನಾ ಲಿಂಚರ ಪಾತ್ರಕ್ಕೆ ಕೊಟ್ಟಾಗ ಯಾವ ಅನರ್ಥವೂ ಸಂಭವಿಸಲಿಲ್ಲ. ಆದರೆ ಪುರುಷನೊಬ್ಬನು ತೊಟ್ಟು ಬಿಟ್ಟ ಹೆಸರನ್ನು ಎರವಲು ಕೊಟ್ಟು ಅದನ್ನೇ ಸಮಾನತೆಯೆಂದು ಕರೆಯುವುದಕ್ಕಿಂತ, ಆಕೆಗೆ ಸ್ವಂತ ಹೆಸರನ್ನೂ ಸ್ವಂತ ಕಥೆಯನ್ನೂ ಕೊಡುವುದು ಹೆಚ್ಚಿನ ಗೌರವ.

ಪಾತ್ರಕ್ಕಿಂತ ನಟನೇ ದೊಡ್ಡವನಾದಾಗ ಏನಾಗುತ್ತದೆಂಬುದನ್ನು ಕನ್ನಡಿಗರು ಬಲ್ಲರು. ಬಾಂಡ್ ಚಿತ್ರಗಳ ಪ್ರೇರಣೆಯಿಂದ ದೊರೆ–ಭಗವಾನರು 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ತೆಗೆದ ನಾಲ್ಕು ಚಿತ್ರಗಳಲ್ಲಿ ಸಿ.ಐ.ಡಿ. 999 ಆಗಿದ್ದವರು ರಾಜಕುಮಾರರು. ಆ ಮಾಲಿಕೆಯ ಶೋಭೆಯೆಲ್ಲ ಅವರ ವ್ಯಕ್ತಿತ್ವದ್ದು. ಅವರೊಡನೆಯೇ ಅದು ಮುಗಿಯಿತು, ಇನ್ನೊಬ್ಬನನ್ನು ಆ ಸಂಖ್ಯೆಯಿಂದ ಕರೆಯಲು ಜನಕ್ಕೆ ಮನಸ್ಸು ಬರುವಂತಿರಲಿಲ್ಲ. ಅದು ನಮ್ಮ ನಟನ ಹಿರಿಮೆ. ಬಾಂಡನ ಹಿರಿಮೆಯಾದರೋ ಇದಕ್ಕೆ ವಿರುದ್ಧವಾದದ್ದು, ಯಾರೂ ಅನಿವಾರ್ಯರಲ್ಲವೆಂಬುದೇ ಅವನ ಆಯುಸ್ಸಿನ ಮೂಲ. ಕ್ರೇಗರ ಕಾಲದಲ್ಲಿ ಪಾತ್ರವನ್ನು ನಟನೊಡನೆ ಅಂಟಿಸಲು ಹೊರಟವರು ಈ ಮೂಲವನ್ನೇ ಕಡಿದರು.

ಈಗ ಯಜಮಾನಿಕೆಯೂ ಬದಲಾಗಿದೆ. ಎಂಜಿಎಂ ಸಂಸ್ಥೆಯನ್ನು ಸುಮಾರು 845 ಕೋಟಿ ಡಾಲರುಗಳಿಗೆ ಕೊಂಡು 2022ರಲ್ಲಿ ವಶಪಡಿಸಿಕೊಂಡ ಅಮೆಜಾನಿಗೆ, ಮಾಲಿಕೆಯ ನಿರ್ಮಾಪಕರಾದ ಬಾರ್ಬರಾ ಬ್ರಾಕಲಿ ಮತ್ತು ಮೈಕೆಲ್ ವಿಲ್ಸನ್ನರು 2025ರ ಫೆಬ್ರವರಿಯಲ್ಲಿ ಸೃಷ್ಟಿಯ ಅಧಿಕಾರವನ್ನೂ ಬಿಟ್ಟುಕೊಟ್ಟರು. ಅದೇ ವರ್ಷ ‘ಡ್ಯೂನ್’ ಚಿತ್ರಗಳ ಡೆನಿ ವಿಲ್ನೆವ್ ನಿರ್ದೇಶಕರೆಂದು ಘೋಷಿತರಾದರು. ಮನೆಮನೆಗೆ ಚಿತ್ರವನ್ನು ಹರಿಯಿಸುವ ವ್ಯಾಪಾರಕ್ಕೆ ಪೂರ್ವಚರಿತ್ರೆಯಷ್ಟು ಪ್ರಿಯವಾದ ಸರಕು ಬೇರೊಂದಿಲ್ಲ: ಬಾಂಡನ ವಿದ್ಯಾರ್ಥಿದೆಸೆಗೆ ಒಂದು ಧಾರಾವಾಹಿ, ಕಾರ್ಯದರ್ಶಿನಿ ಮನಿಪೆನ್ನಿಯ ಯೌವನಕ್ಕೆ ಮತ್ತೊಂದು, ಶತ್ರುವಿನ ಬಾಲ್ಯಕ್ಕೆ ಇನ್ನೊಂದು ಎಂದು ಕಣಜವನ್ನು ತುಂಬಿಸುವ ಆಸೆ ಅಂಥವರಿಗೆ ಹುಟ್ಟುವುದು ಸಹಜ. ವಿಲ್ನೆವ್‌ರಂಥ ಗಂಭೀರ ನಿರ್ದೇಶಕರಿಗೂ ಪಾತ್ರದ ಆಳವನ್ನು ಅಗೆಯುವ ಮೋಹ ಉಂಟಾಗದೆ ಇರದು. ಆಳವು ಕಥೆಯಲ್ಲಿರಲಿ, ಶತ್ರುವಿನ ಉದ್ದೇಶದಲ್ಲಿರಲಿ, ಈ ಕಾಲದ ಭಯಗಳ ನಿರೂಪಣೆಯಲ್ಲಿರಲಿ. ನಾಯಕನ ಕುಟುಂಬದ ದಾಖಲೆಗಳಲ್ಲಿ ಅದನ್ನು ಹುಡುಕುವ ಪ್ರಯೋಗ ಹದಿನೈದು ವರ್ಷ ನಡೆದು ಮುಗಿದಿದೆ.

ಆದುದರಿಂದ ಹೊಸ ನಟನು, ಆತನು ಯಾರೇ ಆಗಿರಲಿ, ಮೊದಲ ದೃಶ್ಯದಲ್ಲಿಯೇ ಪೂರ್ಣಪ್ರಾಯದ ಗೂಢಚಾರನಾಗಿ ಪ್ರವೇಶಿಸಲಿ. ಹಿಂದಿನವನು ಹೇಗೆ ಸತ್ತನೆಂದಾಗಲಿ ತಾನು ಎಲ್ಲಿಂದ ಬಂದೆನೆಂದಾಗಲಿ ಹೇಳುವ ಗೋಜಿಗೆ ಹೋಗದಿರಲಿ. ಅವನಿಗೆ ಮೂರು ಚಿತ್ರಗಳ ಅವಕಾಶವಿರಲಿ. ಮೂರ್ ಅವರು ತಮ್ಮ ನಡಿಗೆಯನ್ನು ಕಂಡುಕೊಂಡದ್ದು ಮೂರನೆಯ ಚಿತ್ರದಲ್ಲಿ, ಡಾಲ್ಟನ್ನರು ಎರಡೇ ಚಿತ್ರಗಳಿಗೆ ನಿಂತುದರಿಂದ ಮಾಲಿಕೆಯು ಕಳೆದುಕೊಂಡದ್ದು ಅಲ್ಪವಲ್ಲ. ಚಿತ್ರಗಳು ಒಂದಕ್ಕೊಂದು ಋಣಿಗಳಾಗದೆ, ಹಿಂದಿನದನ್ನು ನೋಡದವನಿಗೂ ಅರ್ಥವಾಗುವಂತಿರಲಿ. ಇಷ್ಟು ಸಂಯಮವನ್ನು ಹೊಸ ಯಜಮಾನರು ತೋರಿಸಿದ್ದೇ ಆದಲ್ಲಿ ಏಳನೆಯವನ ನಂತರ ಎಂಟನೆಯವನೂ ಬಂದಾನು. ತೋರಿಸದಿದ್ದಲ್ಲಿ, ಎಷ್ಟು ಸಮರ್ಥನನ್ನು ಆರಿಸಿ ತಂದರೂ ಅವನೇ ಕೊನೆಯವನಾಗುವನು.