ಖಾಲಿ ಬಾಟಲಿಯ ಪ್ರಶ್ನೆ

ನೆಲಕ್ಕೊಂದು, ಪಾತ್ರೆಗೊಂದು, ಶೌಚಾಲಯಕ್ಕೆ ಮತ್ತೊಂದು ಎಂಬಂತೆ ನಮ್ಮ ಮನೆಗಳ ಬಚ್ಚಲಿನ ಮೂಲೆಯಲ್ಲಿ ಶುಚಿಕಾರಕ ದ್ರವಗಳ ಪ್ಲಾಸ್ಟಿಕ್ ಬಾಟಲಿಗಳು ಸಾಲುಗಟ್ಟಿ ನಿಂತಿರುತ್ತವೆ. ದ್ರವವು ತಿಂಗಳೊಳಗೆ ಮುಗಿಯುತ್ತದೆ. ಬಾಟಲಿಯಾದರೋ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆದುದರಿಂದ, ಅದೇ ಬಾಟಲಿಯನ್ನು ಅಂಗಡಿಗೊಯ್ದು ಮರಳಿ ತುಂಬಿಸಿಕೊಳ್ಳುವ ಪದ್ಧತಿಯನ್ನು ನಾವು ಸ್ವಾಗತಿಸುತ್ತೇವೆ. ಇದು ಹೊಸತೇನೂ ಅಲ್ಲ. ಸೀಮೆಎಣ್ಣೆಗೂ ತೆಂಗಿನೆಣ್ಣೆಗೂ ಸೀಸೆ ಹಿಡಿದು ನಡೆದ ತಲೆಮಾರು ಇನ್ನೂ ನಮ್ಮ ನಡುವೆ ಇದೆ.

ಆದರೆ ‘ರೀಫಿಲ್’ ಎಂದು ಅಚ್ಚಾದುದೆಲ್ಲವೂ ಮರುಪೂರಣವಲ್ಲ. ಆ ಹೆಸರಿನಲ್ಲಿ ದೊರೆಯುವ ಮೆತ್ತನೆಯ ಚೀಲಗಳಲ್ಲಿ ಅನೇಕವು ಬೇರೆ ಬೇರೆ ಪದರಗಳನ್ನು ಬೆಸೆದು ಮಾಡಿದವು. ಆ ಪದರಗಳನ್ನು ಬಿಡಿಸುವುದು ಕಷ್ಟವಾದುದರಿಂದ ಗುಜರಿಯವರು ಅವನ್ನು ಮುಟ್ಟುವುದಿಲ್ಲ. ಗಟ್ಟಿ ಬಾಟಲಿಗಾದರೂ ನಾಲ್ಕು ಕಾಸು ಹುಟ್ಟುತ್ತದೆ. ಚೀಲಕ್ಕೆ ತಗಲುವ ಪ್ಲಾಸ್ಟಿಕ್ ಕಡಿಮೆ ಎಂಬುದನ್ನು ಒಪ್ಪೋಣ. 2022ರ ಜುಲೈ 1ರಂದು ದೇಶದಲ್ಲಿ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಸ್ಟ್ರಾ, ಚಮಚ, ತಟ್ಟೆಗಳಿವೆ, ಸಾಬೂನುಪುಡಿಯ ಪೊಟ್ಟಣವಿಲ್ಲ.

ಬಾಟಲಿಯಷ್ಟೇ ಅದರೊಳಗಿನ ದ್ರವವೂ ವಿಚಾರಾರ್ಹ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿದ್ದನ್ನೂ ನಾಡು ಕಂಡಿದೆ. ಶುದ್ಧೀಕರಿಸದ ಕೊಳಚೆಯೊಡನೆ ಹರಿದುಬಂದ ಡಿಟರ್ಜೆಂಟುಗಳು ಆ ನೊರೆಗೆ ಪ್ರಮುಖ ಕಾರಣ. ಕಾರ್ಖಾನೆಗಳನ್ನಷ್ಟೇ ದೂರಿ ನಮ್ಮ ಅಡುಗೆಮನೆಗಳು ತಪ್ಪಿಸಿಕೊಳ್ಳುವಂತಿಲ್ಲ.

ಬದಲಿ ನಮ್ಮ ಹಿತ್ತಿಲಲ್ಲೇ ಇತ್ತು. ರೇಷ್ಮೆ ಸೀರೆಗೂ ಚಿನ್ನದೊಡವೆಗೂ ಹಿರಿಯರು ಬಳಸುತ್ತಿದ್ದ ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ಸಹಜ ನೊರೆದ್ರವ್ಯವಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಅಥವಾ ಕಿತ್ತಳೆಯ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುಳಿಯಿಸಿದರೆ ನೆಲ ಒರೆಸುವ ದ್ರವ ಸಿದ್ಧ. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಅನಿಲ ಹೊರಬಿಡಬೇಕು, ಇಲ್ಲವಾದರೆ ಡಬ್ಬಿ ಸಿಡಿದೀತು! ಹುಳಿಯ ದ್ರವವಾದುದರಿಂದ ಅಮೃತಶಿಲೆಗೆ ಇದು ಸಲ್ಲದು.

ನಮ್ಮನ್ನು ಕಾಡುವುದು ಬೆಲೆಯ ಮಾತು. ಪರಿಸರಸ್ನೇಹಿ ಎಂಬ ಚೀಟಿ ಅಂಟಿದೊಡನೆ ಬೆಲೆ ಏರುತ್ತದೆ. ದಿನಗೂಲಿಯ ಮನೆಯವರು ಸಣ್ಣ ಪೊಟ್ಟಣ ಕೊಳ್ಳುವುದು ಅಜ್ಞಾನದಿಂದಲ್ಲ. ಅಂದು ಕೈಯಲ್ಲಿರುವುದು ಅಷ್ಟೇ. ಅವರಿಗೆ ಉಪದೇಶ ಮಾಡುವ ಮುನ್ನ, ಐದು ರೂಪಾಯಿಗೂ ಅಳೆದು ಕೊಡುವ, ನಲ್ಲಿ ಜೋಡಿಸಿದ ಒಂದು ಕ್ಯಾನು ಕೇರಿಯ ದಿನಸಿ ಅಂಗಡಿಗೆ ಬರಬೇಕಾಗಿದೆ. ನಮ್ಮ ಸ್ವಸಹಾಯ ಸಂಘಗಳ ಮಹಿಳೆಯರು ದ್ರವ ತಯಾರಿಸಿ ಅಂಥ ಕ್ಯಾನನ್ನು ತುಂಬಬಲ್ಲರು. ಮೊದಲ ಗಿರಾಕಿಗಳಾಗಿ ಉಳ್ಳವರೇ ಖಾಲಿ ಬಾಟಲಿ ಹಿಡಿದು ಅಲ್ಲಿಗೆ ಹೋಗಲಿ.